ನಿಂತೇ ಇದ್ದ ಎದುರಾಳಿ

ತುಂಗಭದ್ರೆಯ ದಡದಲ್ಲಿ ಈರಭದ್ರ ಮಾಸ್ತರರ ಮನೆ. ಒಳಗೆ ಒಂದು ಚಾಪೆ, ಒಂದು ಟಿವಿ, ಕುಸ್ತಿ ಕಾಳಗದ ವಿಡಿಯೊ ಗೇಮ್. ಕಲಿಸುವುದಕ್ಕೆ ಅವರಿಗೆ ಇನ್ನೇನೂ ಬೇಕಿರಲಿಲ್ಲ.

ಆ ಆಟ ಬಲ್ಲವರಲ್ಲಿ ಅವರ ಹೆಸರು ಕೇಳದವರಿರಲಿಲ್ಲ. ಅವರು ಸೋತದ್ದನ್ನು ಕಂಡವರೂ ಇರಲಿಲ್ಲ.

ಕುಮುದ ಅವರನ್ನು ಹುಡುಕಿಕೊಂಡು ಬಂದದ್ದು ದಾವಣಗೆರೆಯ ಪಂದ್ಯದಲ್ಲಿ ಸೋತ ಮೇಲೆ. ಮೊದಲ ಸುತ್ತಿನಲ್ಲೇ, ಒಂದೂ ಹೊಡೆತ ತಾಕಿಸಲಾಗದೆ ಸೋತಿದ್ದಳು. ದಸರೆಗೆ ಶಿವಮೊಗ್ಗದಲ್ಲಿ ಇನ್ನೊಂದು ಪಂದ್ಯವಿತ್ತು. ಅಲ್ಲೂ ಹೀಗೇ ಆದರೆ ಆಟದ ಸಹವಾಸವೇ ಬೇಡ ಎಂದು ತೀರ್ಮಾನಿಸಿದ್ದಳು. ಅದನ್ನು ಮಾಸ್ತರರಿಗೂ ಹೇಳಿದಳು.

ಅವರು ಸಮಾಧಾನ ಹೇಳಲು ಹೋಗಲಿಲ್ಲ. ಪ್ರಾಕ್ಟೀಸ್ ಮೋಡ್ ತೆರೆದರು. ಕಂಪ್ಯೂಟರ್ ಎದುರಾಳಿ ಹೇಗೆ ನಡೆದುಕೊಳ್ಳಬೇಕೆಂದು ಅಲ್ಲಿ ನಾವೇ ಗೊತ್ತುಮಾಡಬಹುದು.

"ಹೇಗಿರಲಿ ಇವನು?" ಎಂದು ಕೇಳಿದರು.

"ಸುಮ್ಮನೆ ನಿಂತಿರಲಿ, ಮಾಸ್ತರೇ."

ತೆರೆಯ ಮೇಲೆ ಅಗಲ ಎದೆಯ ಮಲ್ಲನೊಬ್ಬ ಬಂದು ನಿಂತ. ಉಸಿರಾಡುವವನಂತೆ ಅವನ ಹೆಗಲು ಮೆಲ್ಲಗೆ ಏರಿಳಿಯುತ್ತಿತ್ತು, ಅಷ್ಟೇ. ಕುಮುದ ಹೊಡೆದಳು. ಅವನು ಬಿದ್ದ, ಎದ್ದ, ಮತ್ತೆ ಅಲ್ಲೇ ನಿಂತ.

ಬೇಸಿಗೆ ಮುಗಿಯುವ ಹೊತ್ತಿಗೆ ಅವಳ ಹೊಡೆತಗಳು ಒಂದರ ಬೆನ್ನಿಗೊಂದು, ಎಲ್ಲೂ ತಪ್ಪದೆ ಬೀಳತೊಡಗಿದವು. ಆಗ ಅವಳು ತಡೆಯುವ ಎದುರಾಳಿ ಬೇಕೆಂದಳು. ಮಾಸ್ತರರು ಬದಲಿಸಿ ಕೊಟ್ಟರು. ಮಲ್ಲ ತೋಳು ಅಡ್ಡ ಹಿಡಿದು ಎಲ್ಲವನ್ನೂ ತಡೆದ. ಕುಮುದಳಿಗೆ ಸಿಟ್ಟಿನಲ್ಲಿ ಅಳುವೇ ಬಂದಿತು. ಕೊನೆಗೆ ಆ ತೋಳುಗಳನ್ನು ಬಿಡಿಸುವ ಪಟ್ಟು ಅವಳಿಗೆ ಸಿಕ್ಕಿತು.

ತಿರುಗಿ ಹೊಡೆಯುವವನನ್ನು ಕೇಳಿದಳು. ಅವನನ್ನೂ ಕೆಡವಿದಳು. ಒಮ್ಮೆ ತಡೆದು ಒಮ್ಮೆ ನುಗ್ಗುವ, ಯಾವಾಗ ಏನು ಮಾಡುತ್ತಾನೆಂದು ಹೇಳಲಾಗದವನನ್ನು ಕೇಳಿದಳು. ಮಳೆಗಾಲ ಅವನ ಜೊತೆ ಕಳೆಯಿತು. ಅವನೂ ಬಿದ್ದ.

ಉಳಿದ ಶಿಷ್ಯರು ತಮ್ಮ ಅಭ್ಯಾಸ ಬಿಟ್ಟು ಅವಳ ಹಿಂದೆ ನಿಂತು ನೋಡುತ್ತಿದ್ದರು. ಇಂಥ ಕೈ ತಾವು ಕಂಡಿಲ್ಲ ಎನ್ನುತ್ತಿದ್ದರು. ಮಾಸ್ತರರು ಮಾತ್ರ ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ.

ಒಂದು ಬೆಳಿಗ್ಗೆ ಕುಮುದ ಹೇಳಿದಳು: "ಮಾಸ್ತರೇ, ಇನ್ನು ಯಾವ ಸೆಟ್ಟಿಂಗೂ ಉಳಿದಿಲ್ಲ."

"ಒಂದು ಉಳಿದಿದೆ."

ಅವರು ಸೆಟ್ಟಿಂಗುಗಳ ಪಟ್ಟಿಯಲ್ಲಿ ಕೆಳಗೆ, ಇನ್ನೂ ಕೆಳಗೆ ಇಳಿದರು. ಅವಳು ಎಂದೂ ಮುಟ್ಟದಿದ್ದ ಒಂದು ಸಾಲು ಅಲ್ಲಿತ್ತು: ಎರಡನೆಯ ಆಟಗಾರ. ಅದನ್ನು ಒತ್ತಿ, ಇನ್ನೊಂದು ಕಂಟ್ರೋಲರ್ ಕೈಗೆತ್ತಿಕೊಂಡು ಅವಳ ಪಕ್ಕದಲ್ಲಿ ಕೂತರು.

"ಹೊಡಿ" ಅಂದರು.

ತೆರೆಯ ಮೇಲೆ ಏನೂ ಬದಲಾಗಿರಲಿಲ್ಲ. ಅದೇ ಮಲ್ಲ, ಅದೇ ನಿಲುವು, ಹಾಗೇ ಏರಿಳಿಯುವ ಹೆಗಲು. ಕಣ್ಣು ಮುಚ್ಚಿಕೊಂಡೂ ಅವಳು ಅವನನ್ನು ಕೆಡವಬಲ್ಲಳು.

ಬೆರಳು ಏಳಲಿಲ್ಲ.

ಖಾಲಿಯೆಂದುಕೊಂಡು ಕೋಣೆಯೊಳಗೆ ಕಾಲಿಟ್ಟಾಗ ಮೂಲೆಯಲ್ಲಿ ಯಾರೋ ಕೂತಿರುವುದು ಕಂಡರೆ ಹೇಗಾಗುತ್ತದೋ ಹಾಗಾಯಿತು ಅವಳಿಗೆ. ಇಷ್ಟು ದಿನ ಬರಿದಾಗಿದ್ದ ಆ ಮೈಯೊಳಗೆ ಈಗ ಒಬ್ಬರಿದ್ದರು. ಅವರು ಅವಳನ್ನೇ ನೋಡುತ್ತಿದ್ದರು. ಬೆರಳುಗಳು ನಡುಗತೊಡಗಿದವು.

ಹೇಗೋ ನುಗ್ಗಿದಳು. ಮಲ್ಲ ಒಂದು ಹೆಜ್ಜೆ ಹಿಂದೆ ಸರಿದ. ತಿಂಗಳುಗಟ್ಟಲೆ ಸಾಧಿಸಿದ ಹೊಡೆತಗಳೆಲ್ಲ ಒಂದೂ ತಾಕದೆ ಗಾಳಿಯಲ್ಲಿ ಹೋದವು. ಅವನು ಮನಸ್ಸು ಮಾಡಿದ್ದರೆ ಅವಳ ಆಟ ಆಗಲೇ ಮುಗಿಯುತ್ತಿತ್ತು. ಅವನು ಕೈ ಎತ್ತಲಿಲ್ಲ. ಮತ್ತೆ ನಿಂತ.

ಇನ್ನೊಮ್ಮೆ ನುಗ್ಗಿದಳು. ಮತ್ತೆ ಒಂದೇ ಹೆಜ್ಜೆ.

ಕುಮುದ ಕಂಟ್ರೋಲರನ್ನು ಮಡಿಲಿಗೆ ಇಳಿಸಿದಳು. ದಾವಣಗೆರೆಯಲ್ಲಿ ಆದದ್ದೂ ಇದೇ ಎಂದಳು.

"ನೀನು ಯಾರನ್ನು ನೋಡಿಕೊಂಡು ಆಡುತ್ತಿದ್ದೀಯ?" ಎಂದು ಮಾಸ್ತರರು ಕೇಳಿದರು.

ಅವಳು ಯೋಚಿಸಿದಳು. "ನನ್ನನ್ನೇ."

"ಅವನನ್ನು ನೋಡು, ಮಗಳೇ."

ಅವಳು ನೋಡಿದಳು. ಮಲ್ಲ ಸುಮ್ಮನೆ ನಿಂತಿರಲಿಲ್ಲ. ಕೂದಲೆಳೆಯಷ್ಟು ಮುಂದೆ ಬರುತ್ತಿದ್ದ, ಬೇಡವೆಂದು ಹಿಂದೆ ಹೋಗುತ್ತಿದ್ದ. ಏನೋ ಮಾಡಹೊರಟು ತಡೆದುಕೊಳ್ಳುತ್ತಿದ್ದ. ಅಲ್ಲೊಂದು ಆಸೆ ಇತ್ತು, ಅನುಮಾನವಿತ್ತು. ಅವಳು ಅರ್ಧ ಹೆಜ್ಜೆ ಇಟ್ಟಳು. ಅವನು ಅರ್ಧ ಹೆಜ್ಜೆ ಬಿಟ್ಟುಕೊಟ್ಟ. ಅವಳು ಸರಿದಾಗ ಅವನು ಹಿಂಬಾಲಿಸಿದ.

ಒಂದೇ ಒಂದು ಹೊಡೆತವಿಲ್ಲದೆ ಇಬ್ಬರೂ ಹಾಗೇ ತೂಗುತ್ತ ಉಳಿದರು. ಹೊರಗೆ ಹೊಳೆ ಹರಿಯುವ ಸದ್ದು ಕೇಳುತ್ತಿತ್ತು. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟೆಲ್ಲ ನಡೆಯುತ್ತಿರಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಶಿವಮೊಗ್ಗ ಮರೆತುಹೋಯಿತು. ಸೋಲು ಮರೆತುಹೋಯಿತು.

ಮಲ್ಲ ಮುಂದಕ್ಕೆ ವಾಲಿದ. ವಾಲುವ ಮೊದಲೇ ಅವಳಿಗೆ ಅದು ತಿಳಿದಿತ್ತು. ಒಂದು ಕೈ ಚಾಚಿದಳು. ಆಟಕ್ಕೆ ಹೊಸದಾಗಿ ಬಂದವರು ಮೊದಲ ದಿನ ಕಲಿಯುವ ಸಾದಾ ಗುದ್ದು.

ಅದು ಅವನ ಎದೆಗೆ ತಾಕಿತು.

ಕುಮುದಳಿಗೆ ಗೆದ್ದ ಖುಷಿಯಾಗಲಿಲ್ಲ. ಯಾಕೋ ಕೈಮುಗಿಯಬೇಕೆನ್ನಿಸಿತು. ಮುಗಿಯಹೋದರೆ ಬೆರಳುಗಳು ಇನ್ನೂ ನಡುಗುತ್ತಿದ್ದವು.

"ಇದು ಯಾವಾಗ ಹೋಗುತ್ತದೆ, ಮಾಸ್ತರೇ?" ಎಂದು ಕೇಳಿದಳು. "ಕಂಪ್ಯೂಟರ್ ಮುಂದೆ ಒಂದು ದಿನವೂ ಹೀಗಾಗಿರಲಿಲ್ಲ."

ಮಾಸ್ತರರು ಕಂಟ್ರೋಲರ್ ಕೆಳಗಿಟ್ಟು ತಮ್ಮ ಎರಡೂ ಕೈಗಳನ್ನು ಅವಳ ಮುಂದೆ ಚಾಚಿದರು. ಆ ಬೆರಳುಗಳೂ ನಡುಗುತ್ತಿದ್ದವು.

"ನಿನ್ನನ್ನು ನೋಡುವಾಗ ಇಷ್ಟು ದಿನ ನನಗೂ ಹೀಗಾಗಿರಲಿಲ್ಲ" ಅಂದರು. "ಎದುರಿಗೆ ಯಾರೋ ಇದ್ದಾರೆ ಅಂತ ಇವತ್ತೇ ಗೊತ್ತಾದದ್ದು."