ಓತಿಕ್ಯಾತ ಮೈ ಎತ್ತಿ ಇಳಿಸುವುದೇಕೆ?

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಆಗ ಗಾಳಿ ಮಾತಾಡುತ್ತಿತ್ತು, ಕಲ್ಲು ಮಾತಾಡುತ್ತಿತ್ತು, ಮೈಯೊಳಗಿನವರೂ ಮಾತಾಡುತ್ತಿದ್ದರು.

ಬೇಲಿಯ ಪಕ್ಕದ ಬಂಡೆಯ ಮೇಲೆ ಕೆಂಚ ಅನ್ನುವ ಓತಿಕ್ಯಾತ ಇದ್ದ. ಮಹಾ ಅನುಮಾನದ ಪ್ರಾಣಿ! ಎಲೆ ಅಲ್ಲಾಡಿದರೆ ಅನುಮಾನ, ಅಲ್ಲಾಡದಿದ್ದರೆ ಇನ್ನೂ ಅನುಮಾನ.

ಅವನ ಮೈಯೊಳಗೆ ಒಬ್ಬ ಹಮಾಲಿ ಇದ್ದ. ಕೆಂಚ ನುಂಗಿದ ಹುಳವೆಲ್ಲ ಹೊಟ್ಟೆಯಲ್ಲಿ ಕರಗಿ ನುಚ್ಚಿನಂಥ ಚೂರಾಗುತ್ತಿತ್ತು. ಓದಿದವರು ಈಗ ಅದಕ್ಕೆ ಅಮೈನೊ ಆಮ್ಲ ಅನ್ನುತ್ತಾರೆ. ಆಗ ಹಾಗೆಲ್ಲ ನಾಲಿಗೆ ಹೊರಳಿಸುವವರು ಇರಲಿಲ್ಲ. ಆ ನುಚ್ಚನ್ನು ರಕ್ತ ತಂದು ನರದ ಬಾಗಿಲಲ್ಲಿ ಇಳಿಸುತ್ತಿತ್ತು. ಹಮಾಲಿ ಅದನ್ನು ಒಳಗೆ ಹೊತ್ತು, ಬೆನ್ನುಹುರಿಯ ಉದ್ದಕ್ಕೂ ಹಂಚಿ ಬರುತ್ತಿದ್ದ.

ಕೆಂಚನಿಗೆ ಇದು ಸರಿಕಾಣಲಿಲ್ಲ.

“ಏಯ್, ತುಂಬಿಕೊಂಡು ಹೋಗ್ತೀಯ, ಬರಿಗೈಲಿ ಬರ್ತೀಯ. ಎಲ್ಲಿ ಬಚ್ಚಿಡ್ತಿದ್ದೀಯ?”

“ಬೆನ್ನುಹುರಿಗೆ ಕೊಟ್ಟೆ ಸ್ವಾಮಿ. ಅಲ್ಲಿನ ನರಗಳು ಅದನ್ನ ತಿಂದೇ ಬದುಕಬೇಕು.”

“ಬೆನ್ನುಹುರಿ ಏನು ಕೆಲಸ ಮಾಡುತ್ತೆ? ಸುಮ್ನೆ ಬಿದ್ಕೊಂಡಿರುತ್ತೆ. ಹುಳ ಹಿಡಿಯೋದು ನನ್ನ ನಾಲಿಗೆ. ಬಾಗಿಲು ಮುಚ್ಚು!”

ಹಮಾಲಿ ಬೇಡವೆಂದ, ಕೈಮುಗಿದ. ಕೆಂಚ ಕೇಳಲಿಲ್ಲ. ಬಾಗಿಲು ಮುಚ್ಚಿತು.

ಕೆಲವು ದಿನ ಏನೂ ಆಗಲಿಲ್ಲ. “ನೋಡ್ದಾ, ಕೊಡದಿದ್ರೂ ಏನೂ ಆಗ್ಲಿಲ್ಲ. ಕಳ್ಳ ಸಿಕ್ಕಿಬಿದ್ದ!” ಎಂದು ಕೆಂಚ ಬೀಗಿದ.

ಆಮೇಲೆ ಹಿಂಗಾಲು ಜಾರಿತು. “ಗಾಳೀ, ಬಂಡೆಗೆ ಎಣ್ಣೆ ಸವರಿದ್ದು ನೀನೇ ತಾನೆ?”

“ನನಗೇನು ಬೇರೆ ಕೆಲಸ ಇಲ್ವಾ?” ಎಂದಿತು ಗಾಳಿ. “ಬಂಡೆ ಒರಟಾಗೇ ಇದೆ. ನಿನ್ನ ಕಾಲು ನೋಡ್ಕೋ.”

ನೋಡಿದ. ಕಾಲು ಬಾ ಎಂದರೆ ಬರಲಿಲ್ಲ. ಬಾಲ ಏಳು ಎಂದರೆ ಏಳಲಿಲ್ಲ. ಬೆನ್ನುಹುರಿ ಹಸಿದು ಸೊರಗಿ, ತಲೆಯ ಮಾತು ಕಾಲಿಗೆ ತಲುಪುತ್ತಲೇ ಇರಲಿಲ್ಲ.

ಅಷ್ಟರಲ್ಲಿ ಬೇಲಿಯೊಳಗಿಂದ ಕೆಂಪು ಕಣ್ಣಿನ ಕೆಂಬೂತ ಹಕ್ಕಿ ಹೊರಬಂತು. ಓತಿಕ್ಯಾತ ಅಂದರೆ ಅದಕ್ಕೆ ಪ್ರಾಣ. ಕೆಂಚನ ಜೀವ ಬಾಯಿಗೆ ಬಂತು.

“ಹಮಾಲೀ! ಬಾಗಿಲು ತೆಗಿಯೋ! ಎಲ್ಲಾ ತಗೊಂಡು ಹೋಗು!”

ಪಾಪ, ಹಮಾಲಿ ಹೊರೆ ಇಳಿಸದೆ ಬಾಗಿಲಲ್ಲೇ ಕಾದಿದ್ದ. ಓಡಿದ. ಕೊಕ್ಕು ಬಾಲಕ್ಕೆ ತಾಗುವಷ್ಟರಲ್ಲಿ ಹಿಂಗಾಲು ಒದ್ದಿತು. ಕೆಂಚ ಬಂಡೆಯ ಬಿರುಕಿನೊಳಗೆ ಸೇರಿಕೊಂಡ.

ಬದುಕಿದ. ಆದರೆ ಅನುಮಾನ ಹೋಗಬೇಕಲ್ಲ! ಮೊದಲು ಹಮಾಲಿ ಕದ್ದಾನು ಎಂಬ ಅನುಮಾನ. ಈಗ ಕೊಡುವುದನ್ನು ಮರೆತಾನು ಎಂಬ ಅನುಮಾನ. ಹಮಾಲಿಗೆ ಒಂದು ಒಳ್ಳೆಯ ಮಾತನ್ನೂ ಆಡಲಿಲ್ಲ.

ಅದಕ್ಕೇ ಮರಿ, ಇವತ್ತಿಗೂ ಬೇಲಿಕಂಬದ ಮೇಲೆ ಓತಿಕ್ಯಾತ ಮುಂಗಾಲು ಊರಿ, ಮೈ ಎತ್ತಿ ಇಳಿಸಿ, ಎತ್ತಿ ಇಳಿಸಿ, ತನ್ನ ಬೆನ್ನನ್ನೇ ಕೇಳುತ್ತಿರುತ್ತದೆ: “ಬಂತಾ? ಬಂತಾ?”