ಸಾಹೇಬರ ಹೂಂ

ಐದು ಗಂಟೆಗೆ ಮಂತ್ರಿಗಳ ಕೈಗೆ ವರದಿ ಹೋಗಬೇಕು, ಸಾಹೇಬರ ಕಂಪ್ಯೂಟರು ಪ್ರಿಂಟ್ ಕೊಡಲೊಲ್ಲದು. ಹುಬ್ಬಳ್ಳಿಯ ರಿಪೇರಿ ಆಫೀಸಿನಲ್ಲಿದ್ದ ರುದ್ರವ್ವ ಫೋನು ಕಿವಿಗಿಟ್ಟುಕೊಂಡು, ಕೂತಲ್ಲಿಂದಲೇ ನೆಟ್‌ವರ್ಕ್ ಮೂಲಕ ಅದರ ಒಳಹೊಕ್ಕಳು. ಇಲ್ಲಿ ಅವಳು ಮೌಸ್ ಆಡಿಸಿದಳು. ಅಲ್ಲಿ ಸಾಹೇಬರ ಪರದೆಯ ಮೇಲೆ ಬಾಣ ತಾನಾಗಿಯೇ ಸರಿಯಿತು. ಕುರ್ಚಿ ಕಿರ್ರೆಂದದ್ದು ಫೋನಿನಲ್ಲಿ ಕೇಳಿಸಿತು.

“ನನ್ನ ಕಣ್ಣೆದುರಿಗೇ ನನ್ನ ಕಂಪ್ಯೂಟರ್ ಆಡಸ್ತೀಯಾ? ನನ್ನ ಅಪ್ಪಣಿ ಇಲ್ಲದ ಇಲ್ಲಿ ಹುಲ್ಲುಕಡ್ಡಿನೂ ಅಲ್ಲಾಡಬಾರದು!”

ರುದ್ರವ್ವನಿಗೆ ಸಿಟ್ಟು ನೆತ್ತಿಗೇರಿತು. ಆದರೂ ದನಿ ತಗ್ಗಿಸಿ, “ಆತ್ರೀ ಸಾಹೇಬ್ರ” ಅಂದಳು.

“ಬಾಣ ಒಂದು ಬೆರಳು ಎಡಕ್ಕ ಸರಸ್ಲೇನ್ರಿ?”

“ಹೂಂ.”

“ಇಲ್ಲಿ ಒತ್ತಲೇನ್ರಿ?”

“ಹೂಂ.”

“ಈಗ ಒಂದೀಟು ಮ್ಯಾಲೆ ಹೋಗ್ಲೇನ್ರಿ?”

“ಹೂಂ.”

“ಮತ್ತ ಕೆಳಗ ಬರ್ಲೇನ್ರಿ?”

ಹೀಗೇ ಒಂದು ತಾಸು ನಡೆಯಿತು. ಹೂಂಗುಟ್ಟಿ ಹೂಂಗುಟ್ಟಿ ಸಾಹೇಬರ ಗಂಟಲು ಒಣಗಿತು. ನಾಲ್ಕೂ ಮುಕ್ಕಾಲಿಗೆ ಅವರು ಸೋತು ಕೂಗಿದರು: “ಕೈ ಮುಗೀತೇನಿ ತಾಯಿ! ನಿನಗ ತಿಳಿದಂಗ ಮಾಡು, ನನ್ನ ಕೇಳಬ್ಯಾಡ. ಪ್ರಿಂಟ್ ಬಂದ್ರ ಸಾಕು!”

“ಅದು ಎರಡನೇ ಹೂಂಗೇ ಬಂದೈತ್ರಿ,” ಅಂದಳು ರುದ್ರವ್ವ. “ಹೊರಗಿನ ಕೋಣ್ಯಾಗ ಪ್ರಿಂಟರ್ ನೋಡ್ರಿ. ಉಳಿದಿದ್ದೆಲ್ಲಾ ನಿಮ್ಮ ದೊಡ್ಡಸ್ತಿಕಿ ಸಲುವಾಗಿ ಕೇಳಿದ್ದು. ಈಗ ಫೋನ್ ಇಡ್ಲೇನ್ರಿ?”