ನಿಲ್ಲಿಸುವ ತೂತು

ಬಿದಿರು ಹೂಬಿಟ್ಟು ಅಕ್ಕಿ ಉದುರಿಸಿದ ವರ್ಷದ ಬೇಸಿಗೆಯಲ್ಲಿ ಇದು ನಡೆಯಿತು.

ಆ ಬಿದಿರು ಕಾಡಿನ ನಡುವೆ ಒಂದು ಹೊನ್ನೆ ಮರವಿತ್ತು, ಮಕ್ಕಳೇ. ಪ್ರಾಣಿಗಳ ಒಪ್ಪಂದಗಳೆಲ್ಲ ಅದರ ಕಾಂಡದ ಮೇಲೆ ಇರುತ್ತಿದ್ದವು. ಮರಕುಟಿಗ ಒಂದು ತೂತು ಕೊರೆಯುತ್ತಿತ್ತು. ಕೊಡುವವರು ಅದರ ಎಡಕ್ಕೆ ಹಲ್ಲನ್ನೋ ಕೊಕ್ಕನ್ನೋ ಒತ್ತುತ್ತಿದ್ದರು, ಪಡೆಯುವವರು ಬಲಕ್ಕೆ. ಒಬ್ಬರ ಗುರುತು ಇನ್ನೊಬ್ಬರದರಂತೆ ಇರುವುದಿಲ್ಲವಲ್ಲ. ಎಂಟು ದಿನಕ್ಕೊಮ್ಮೆ ಇರುವೆಗಳು ಬಂದು ಗುರುತು ನೋಡಿ, ತೂತಿಗೆ ನೂರು ಕಾಳಿನಂತೆ ಕೊಡುವವರ ಪೊಟರೆಯಿಂದ ಪಡೆಯುವವರಿಗೆ ಸಾಗಿಸುತ್ತಿದ್ದವು.

ಅಳಿಲಿಗೆ ಮೂರು ಮರಿಗಳು ಹುಟ್ಟಿದಾಗ ಗಿಡುಗನ ಕಾಟ ಶುರುವಾಯಿತು. ಕಾಳಿಗೆ ಪ್ರತಿಯಾಗಿ ಮೇಲಿನ ಕೊಂಬೆಯಲ್ಲಿ ಕಾವಲು ಕೂತು ಕೂಗಲು ಕಪ್ಪು ಮುಖದ ಮುಸುವ ಒಪ್ಪಿತು.

"ಎಷ್ಟು ದಿನಕ್ಕೆ, ಅಳಿಲಕ್ಕ?" ಎಂದಿತು ಮರಕುಟಿಗ.

"ಅದೆಲ್ಲ ಆಮೇಲೆ. ಮೊದಲು ಕೊರೆಯಣ್ಣ, ಗಿಡುಗ ತಲೆಯ ಮೇಲೇ ಸುತ್ತುತ್ತಿದೆ" ಎಂದು ಅಳಿಲು ಹಲ್ಲೊತ್ತಿತು.

ತಿಂಗಳಲ್ಲಿ ಮರಿಗಳು ಕೊಂಬೆಯಿಂದ ಕೊಂಬೆಗೆ ಹಾರತೊಡಗಿದವು. ಮುಸುವ ಹಳ್ಳದಾಚೆಯ ಅತ್ತಿ ಮರಕ್ಕೆ ಹೋಯಿತು. ಇರುವೆಗಳ ಸಾಲು ಮಾತ್ರ ನಿಲ್ಲಲಿಲ್ಲ.

ಅಳಿಲು ಹಳ್ಳ ದಾಟಿ ಹೋಗಿ ಕೇಳಿತು: "ಮಾವ, ಕಾವಲು ಬಿಟ್ಟು ಎರಡು ತಿಂಗಳಾಯಿತು. ಸಾಕು ಎನ್ನಬಾರದೇ?"

"ನಾನೇನು ಕೇಳಿ ತರಿಸಿಕೊಂಡೆನೇ? ಬರುತ್ತದೆ, ತಿನ್ನುತ್ತೇನೆ" ಎಂದಿತು ಮುಸುವ, ಅಗಿಯುತ್ತಲೇ. "ಬೇಡ ಅನ್ನುವ ಅಭ್ಯಾಸ ನಮ್ಮ ಮನೆತನದಲ್ಲೇ ಇಲ್ಲ."

ಅಳಿಲು ಪೊಟರೆಗೆ ಮರಳಿ ಎಣಿಸಿತು. ಆರುನೂರ ನಲವತ್ತು ಕಾಳು ಉಳಿದಿದ್ದವು. ಮರಿಗಳು ಮಳೆಗಾಲ ಕಳೆಯಲು ಆರುನೂರು ಬೇಕು. ಬಿದಿರು ಮತ್ತೆ ಹೂಬಿಡುವುದು ನಲವತ್ತು ವರ್ಷದ ಮೇಲೆ. ಇರುವೆಗಳು ಬರುವುದು ಮರುದಿನ.

ಬೆಳಗಾಗುತ್ತಲೇ ಅಳಿಲು ಹೊನ್ನೆ ಮರದ ತೂತಿಗೆ ಮಣ್ಣು ಮೆತ್ತಿತು. ಮಧ್ಯಾಹ್ನ ಸಾಲು ಬಂತು. ಮುಂದಿದ್ದ ಹಿರಿಯ ಇರುವೆ ಮಣ್ಣು ಕೆದರಿ, "ತೂತು ಇದೆ, ನಡೆಯಿರಿ" ಎಂದಿತು.

"ನಿಲ್ಲಿ. ಕೊಡುವವಳು ನಾನೇ ಹೇಳುತ್ತಿದ್ದೇನಲ್ಲ" ಎಂದಿತು ಅಳಿಲು.

"ನೀವು ಹೇಳಿದಿರೆಂದು ನಿಂತರೆ, ನಾಳೆ ಮುಸುವ ಹೇಳಿದನೆಂದು ಇನ್ನೂರು ಒಯ್ಯಬೇಕಾಗುತ್ತದೆ. ಮರದ ಮೇಲೆ ಇರುವುದಷ್ಟೇ ನಮಗೆ ಲೆಕ್ಕ."

ಅಳಿಲು ಮರಕುಟಿಗನತ್ತ ತಿರುಗಿತು. "ಹಾಗಾದರೆ ಇದನ್ನು ಮುಚ್ಚಣ್ಣ."

"ನನಗೆ ಕೊರೆಯಲು ಬರುತ್ತದೆ, ಮುಚ್ಚಲು ಬರುವುದಿಲ್ಲ. ಮುಚ್ಚುವ ಹಾಗಿದ್ದರೆ ಈ ಮರವನ್ನು ಯಾರು ನಂಬುತ್ತಿದ್ದರು?"

ಅಳಿಲು ತೂತನ್ನೇ ನೋಡುತ್ತ ಕೂತಿತು. ಆಮೇಲೆ ಹೇಳಿತು: "ಮುಚ್ಚಬೇಡ. ಅದರ ಕೆಳಗೆ ಇನ್ನೊಂದು ಕೊರೆ. ಮೇಲಿನದು ಕೊಡು ಎಂದು, ಕೆಳಗಿನದು ನಿಲ್ಲಿಸು ಎಂದು."

ಹಿರಿಯ ಇರುವೆ ಮೀಸೆ ಆಡಿಸಿತು. "ಯಾರೋ ಬಂದು ಕೆಳಗೆ ಕೊರೆಸಿದರೆ?"

"ಮೇಲೆ ಎಡಕ್ಕೆ ಇರುವ ಗುರುತೇ ಕೆಳಗೂ ಇರಬೇಕು."

"ಪಡೆಯುವವರು ಒಪ್ಪದಿದ್ದರೆ?"

"ಅವರನ್ನು ಕೇಳಬೇಕಿಲ್ಲ. ಹೋದದ್ದು ಹೋಯಿತು, ಹಿಂದಕ್ಕೆ ಬೇಡ. ಮುಂದಿನದು ಮಾತ್ರ ನಿಲ್ಲಲಿ."

"ಇದು ನಿಮಗೊಬ್ಬರಿಗೋ, ಎಲ್ಲರಿಗೋ?"

"ಎಲ್ಲರಿಗೂ ಹೀಗೆಯೇ."

"ಹಾಗಾದರೆ ಸರಿ. ಒಬ್ಬೊಬ್ಬರಿಗೆ ಒಂದೊಂದು ರೀತಿಯಾದರೆ ನಮಗೆ ತಲೆ ಕೆಡುತ್ತದೆ" ಎಂದಿತು ಇರುವೆ.

ಮರಕುಟಿಗ ಕೊರೆಯಿತು. ಅಳಿಲು ಹಲ್ಲೊತ್ತಿತು. ಹಿರಿಯ ಇರುವೆ ಮೇಲಿನ ಗುರುತು ಮುಟ್ಟಿ, ಕೆಳಗಿನದು ಮುಟ್ಟಿ, ಮತ್ತೊಮ್ಮೆ ಮೇಲಿನದು ಮುಟ್ಟಿ ನೋಡಿತು.

"ಹಿಂದಕ್ಕೆ" ಎಂದಿತು.

ಸಾಲು ಬರಿಗೈಯಲ್ಲಿ ತಿರುಗಿ ಹೊರಟಿತು. ಅಳಿಲು ಬಾಲ ಇಳಿಬಿಟ್ಟು ಅಲ್ಲೇ ಕುಳಿತುಬಿಟ್ಟಿತು. ಎಷ್ಟೋ ದಿನಗಳ ಮೇಲೆ ಅದಕ್ಕೆ ಹಸಿವಾಯಿತು.

ಮರುದಿನ ಮುಸುವ ಬಂದು ಎರಡನೆಯ ತೂತನ್ನು ನೋಡಿ ಗೊಣಗಿತು. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಮರಕುಟಿಗನ ಬಳಿ ಸರಿದು ಮೆಲ್ಲಗೆ ಹೇಳಿತು: "ಬೆನ್ನಿನ ಹೇನು ಹೆಕ್ಕಲೆಂದು ಗೊರವಂಕ ಹಕ್ಕಿಗೆ ನಾನೂ ಕಾಳು ಕೊಡುತ್ತಿದ್ದೇನೆ. ಅದು ಕಾಡುಕೋಣಗಳ ಹಿಂದೆ ಹೋಗಿ ಎಷ್ಟೋ ಕಾಲವಾಯಿತು. ನನಗೂ ಕೆಳಗೊಂದು ಕೊರೆದುಬಿಡು."

ಇರುವೆಗಳು ಮತ್ತೆ ಬರುವ ಮುಂಚಿನ ಆ ಎಂಟು ದಿನಗಳಲ್ಲಿ ಮರಕುಟಿಗ ಕೊರೆದ ನಿಲ್ಲಿಸುವ ತೂತುಗಳು ಮೂವತ್ತೊಂದು.

ನೀತಿ: ಮತ್ತೆ ಮತ್ತೆ ಕೊಡುವ ಮಾತು ಕೊಡುವ ಮೊದಲು, ಅದನ್ನು ನಿಲ್ಲಿಸುವ ದಾರಿ ಕೊಡುವವರ ಕೈಯಲ್ಲೇ ಇದೆಯೇ ಎಂದು ನೋಡಿಕೊಳ್ಳಬೇಕು.